ಮಟ್ಟೆ ಮಾರಿ ಪೊಟ್ಯಾಷ್ ತರುವವರು

ಹಂದನಕೆರೆ ಕಡೆ ಗೊಬ್ಬರದ ಮಾತು ಬಂದರೆ ಎರಡು ಪಕ್ಷ. ಒಬ್ಬರಿಗೆ ಯೂರಿಯಾ ಇಲ್ಲದೆ ಬೆಳೆಯೇ ಇಲ್ಲ, ಇನ್ನೊಬ್ಬರಿಗೆ ಸರ್ಕಾರಿ ಗೊಬ್ಬರವೆಂದರೆ ವಿಷ. ಇಬ್ಬರ ತೆಂಗಿನ ತೋಟವನ್ನೂ ಸುತ್ತಿ ನೋಡಿದ್ದೇನೆ. ಎರಡರಲ್ಲೂ ಹರಳು ಉದುರುತ್ತಿದೆ.

45 ಕೆ.ಜಿ.ಯ ಒಂದು ಮೂಟೆ ಯೂರಿಯಾದಲ್ಲಿ ಸಾರಜನಕ 20 ಕೆ.ಜಿ. ಚಿಲ್ಲರೆ. ಅಷ್ಟೇ ಸಾರಜನಕ ಕೊಟ್ಟಿಗೆ ಗೊಬ್ಬರದಿಂದ ಬರಬೇಕಾದರೆ ಸುಮಾರು 4 ಟನ್ ಬೇಕು. ನಮ್ಮಪ್ಪನ ಕಾಲಕ್ಕೆ ಕೊಟ್ಟಿಗೆ ತುಂಬ ದನ, ಬೇಸಿಗೆಯಲ್ಲಿ ಗಾಡಿಗಟ್ಟಲೆ ತಿಪ್ಪೆ ಹೊಲ ಸೇರುತ್ತಿತ್ತು. ಈಗ ಇರುವುದು ಸೀಮೆಹಸು ಒಂದೆರಡು. ತಿಪ್ಪೆಯೊಂದನ್ನೇ ನಂಬಿ ಅನ್ನುವವರು ದನ ಎಲ್ಲಿಂದ ತರೋದು ಅಂತಲೂ ಹೇಳಬೇಕು.

ಹಾಗಂತ ಮೂಟೆಯೊಂದೇ ಸಾಲದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಒಂದೇ ಜಾಗದಲ್ಲಿ ರಾಗಿ ಬೆಳೆದು ಇದನ್ನೇ ಪರೀಕ್ಷಿಸಿದ್ದಾರೆ. ಅಲ್ಲಿಯದೂ ಕೆಂಪು ಮಣ್ಣೇ. ಬರೀ ರಾಸಾಯನಿಕ ಗೊಬ್ಬರ ಕೊಟ್ಟ ತಾಕಿನ ಇಳುವರಿ ವರ್ಷ ಕಳೆದಂತೆ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜತೆಗೆ ರಾಸಾಯನಿಕವನ್ನೂ ಕೊಟ್ಟ ತಾಕು ಮುಂದೆ ನಿಂತಿತು. ಕಾರಣ ಸರಳ. ನಮ್ಮ ಮರಳುಗೆಂಪು ಮಣ್ಣಿಗೆ ಹಿಡಿತ ಕಡಿಮೆ, ಜೋರು ಮಳೆಗೆ ಸಾರಜನಕ ಬೇರು ದಾಟಿ ಕೆಳಗಿಳಿಯುತ್ತದೆ. ಕೊಳೆತ ಸೊಪ್ಪುಸದೆ ಸೇರಿದ ಮಣ್ಣು ನೀರನ್ನೂ ಸಾರವನ್ನೂ ತಡೆದಿಟ್ಟುಕೊಳ್ಳುತ್ತದೆ, ಸತುವಿನಂಥ ಸಣ್ಣ ಪೋಷಕಾಂಶಗಳನ್ನೂ ಕೊಡುತ್ತದೆ. ಕೆರೆ ಕೆಳಗಿನ ನಮ್ಮ ಗದ್ದೆಗೆ ಹಿರಿಯರು ಹೊಂಗೆ ಸೊಪ್ಪು ತುಳಿದು ನಾಟಿ ಮಾಡಿ, ಆಮೇಲೆ ಯೂರಿಯಾ ಎರಚುತ್ತಿದ್ದರು. ಯಾರೂ ಅದಕ್ಕೆ ‘ಸಮಗ್ರ ಪೋಷಕಾಂಶ ನಿರ್ವಹಣೆ’ ಅಂತ ಬೋರ್ಡು ಹಾಕಿರಲಿಲ್ಲ.

ಆ ಗದ್ದೆ ಈಗ ತೋಟ. ಫಲ ಬಿಡುವ ತೆಂಗಿಗೆ ಶಿಫಾರಸು ಹೀಗಿದೆ: ವರ್ಷಕ್ಕೆ ಮರವೊಂದಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ, ಜತೆಗೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಅಂಗಡಿ ಲೆಕ್ಕದಲ್ಲಿ ಯೂರಿಯಾ 1 ಕೆ.ಜಿ.ಗೆ ತುಸು ಮೇಲೆ, ಸೂಪರ್ ಫಾಸ್ಫೇಟ್ 2 ಕೆ.ಜಿ., ಪೊಟ್ಯಾಷ್ 2 ಕೆ.ಜಿ. ಒಂದೇ ಸಲ ಸುರಿಯಬಾರದು. ಮುಂಗಾರು ಹಿಡಿದಾಗ ಅರ್ಧ, ಮಳೆ ಹಿಂದಾಗುವ ಹೊತ್ತಿಗೆ ಅರ್ಧ, ಬುಡದಿಂದ ಆರಡಿ ದೂರದೊಳಗೆ ಸುತ್ತಲೂ ಹರಡಿ ಮಣ್ಣು ಮುಚ್ಚಬೇಕು. ಬೊಡ್ಡೆಗೆ ತಾಗಿಸಿ ಗುಡ್ಡೆ ಹಾಕಿದ್ದು ದಂಡ.

ಪೊಟ್ಯಾಷಿನ ಅಂಕಿಯನ್ನು ಇನ್ನೊಮ್ಮೆ ನೋಡಿ. ತೆಂಗಿನ ಹಸಿವೆಲ್ಲ ಅದರದ್ದೇ. ಕಾಯಿಯ ಜತೆ ತೋಟ ಬಿಡುವ ಪೊಟ್ಯಾಷಿನಲ್ಲಿ ದೊಡ್ಡ ಪಾಲು ಮಟ್ಟೆಯಲ್ಲಿರುತ್ತದೆ. ನಾವೋ, ಕೊಬ್ಬರಿ ಸುಲಿದ ಮೇಲೆ ಮಟ್ಟೆಯನ್ನು ನಾರಿನ ಫ್ಯಾಕ್ಟರಿ ಲಾರಿಗೆ ತುಂಬಿಸಿ, ಗರಿಗೆ ಬೆಂಕಿ ಇಟ್ಟು, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹಡಗಿನಲ್ಲಿ ಬಂದ ಪೊಟ್ಯಾಷ್ ಕೊಳ್ಳುತ್ತೇವೆ. ದೇಶಕ್ಕೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಅಷ್ಟೂ ಹೊರಗಿನದೇ.

ನಮ್ಮ ತೋಟದಲ್ಲಿ ಸಾಲುಗಳ ನಡುವೆ ಚರಂಡಿ ತೆಗೆದು, ಮಟ್ಟೆಯ ಒಳಮೈ ಮೇಲಾಗುವಂತೆ ಜೋಡಿಸಿ ಮಣ್ಣು ಮುಚ್ಚಿದ್ದೇವೆ. ಹೀಗಿಟ್ಟರೆ ಮಳೆನೀರು ಬಟ್ಟಲಿನಂತೆ ನಿಲ್ಲುತ್ತದೆ, ಮಟ್ಟೆ ಕೆಲವು ವರ್ಷ ಕೊಳೆಯುತ್ತ ಸಾರ ಬಿಡುತ್ತದೆ. ಮಧ್ಯೆ ಅಪ್ಸೆಣಬು ಚೆಲ್ಲಿ ಹೂ ಬರುವ ಮುಂಚೆ ಉಳುತ್ತೇವೆ. ಮೂಟೆ ಗೊಬ್ಬರ ಬಿಟ್ಟಿಲ್ಲ, ಕೊಳ್ಳುವುದು ಕಡಿಮೆಯಾಗಿದೆ.

ಎಷ್ಟು ಕಡಿಮೆ ಮಾಡಬಹುದೆಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ನಮಗೇನು ದೂರವಲ್ಲ. ಮುಂಗಾರಿಗೆ ಮುಂಚೆ ಒಂದು ಹಿಡಿ ಮಣ್ಣು ಅಲ್ಲಿಗೆ ತಲುಪಿಸಿ, ಈ ಸಲ ಅರ್ಧ ಮಟ್ಟೆಯಾದರೂ ತೋಟದಲ್ಲೇ ಉಳಿಸಿ.