ಎರಡನೇ ಆಲ್ಬಮ್‌ಗೆ ಇಪ್ಪತ್ತೆರಡು ವರ್ಷ

ಪಂಕ್ ಸಂಗೀತ ಎಂದರೆ ಜೋರು ಗಿಟಾರ್, ವೇಗ, ಸಿಟ್ಟು. ಆ ಸಿಟ್ಟನ್ನು ಉಳಿಸಿಕೊಂಡೇ ಹಾಡಿನ ರಚನೆಯನ್ನು ಒಡೆದು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ನೋಡಿದವರನ್ನು ‘ಆರ್ಟ್ ಪಂಕ್’ ಎಂದು ಕರೆಯುತ್ತಾರೆ. 1979ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದ ‘ಮಿಷನ್ ಆಫ್ ಬರ್ಮಾ’ ಇಂಥದೊಂದು ಬ್ಯಾಂಡ್.

ರೋಜರ್ ಮಿಲ್ಲರ್ ಗಿಟಾರ್, ಕ್ಲಿಂಟ್ ಕಾನ್ಲಿ ಬಾಸ್, ಪೀಟರ್ ಪ್ರೆಸ್ಕಾಟ್ ಡ್ರಮ್ಸ್ ನುಡಿಸುತ್ತಿದ್ದರು. ನಾಲ್ಕನೆಯವರಾದ ಮಾರ್ಟಿನ್ ಸ್ವೋಪ್ ವೇದಿಕೆ ಹತ್ತುತ್ತಲೇ ಇರಲಿಲ್ಲ! ಧ್ವನಿ ನಿಯಂತ್ರಣದ ಮೇಜಿನ ಬಳಿ ಕುಳಿತು, ಉಳಿದವರು ನುಡಿಸುತ್ತಿದ್ದುದನ್ನು ಆಗಲೇ ಟೇಪಿನಲ್ಲಿ ಹಿಡಿದು, ತಿರುಚಿ, ಮತ್ತೆ ಅದೇ ಹಾಡಿನೊಳಗೆ ಬಿಡುತ್ತಿದ್ದರು. ಈ ವಿಚಿತ್ರ ಸದ್ದು ಎಲ್ಲಿಂದ ಬಂತು ಎಂದು ಕೇಳುಗರಿಗೆ ತಿಳಿಯುತ್ತಿರಲಿಲ್ಲ.

1982ರಲ್ಲಿ ಮೊದಲ ಪೂರ್ಣ ಆಲ್ಬಮ್ ‘ವರ್ಸಸ್’ ಬಂತು. ಮರುವರ್ಷವೇ ಬ್ಯಾಂಡ್ ನಿಂತಿತು. ಕಾರಣ ಜಗಳವಲ್ಲ, ಹಣವೂ ಅಲ್ಲ. ಮಿಲ್ಲರ್ ಅವರ ಕಿವಿ. ಟಿನಿಟಸ್, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಸದಾ ಮೊರೆತ. ಜೀವಶಾಸ್ತ್ರ ಓದುವವರಿಗೆ ಗೊತ್ತಿರುವಂತೆ, ಕಾಕ್ಲಿಯಾದ ರೋಮಕೋಶಗಳು ಅತಿ ಸದ್ದಿಗೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. (ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂರುವ ನನಗೂ ಇದನ್ನು ಬರೆಯುವಾಗ ಸ್ವಲ್ಪ ಭಯವಾಯಿತು.)

ಬ್ಯಾಂಡ್ ಮಲಗಿದ್ದರೂ ಹಾಡುಗಳು ಮಲಗಲಿಲ್ಲ. ಆರ್.ಇ.ಎಂ. ಮತ್ತು ಮೋಬಿಯಂಥ ಪ್ರಸಿದ್ಧರು ಅವನ್ನು ಹಾಡಿದರು. 2001ರಲ್ಲಿ ಮೈಕಲ್ ಅಝೆರಾಡ್ ತಮ್ಮ ಪುಸ್ತಕದ ಒಂದು ಅಧ್ಯಾಯವನ್ನೇ ಈ ಬ್ಯಾಂಡಿಗೆ ಮೀಸಲಿಟ್ಟರು. 2002ರಲ್ಲಿ ಮತ್ತೆ ವೇದಿಕೆ; ಸ್ವೋಪ್ ಜಾಗದಲ್ಲಿ ಬಾಬ್ ವೆಸ್ಟನ್. 2004ರಲ್ಲಿ ಎರಡನೇ ಆಲ್ಬಮ್. ಅದರ ಹೆಸರು ‘ಆನ್ ಆಫ್ ಆನ್’. ಇಡೀ ಕತೆ ಆ ಹೆಸರಿನಲ್ಲೇ ಇದೆ.

ಮರಳಿ ಬರುವ ಬ್ಯಾಂಡ್‌ಗಳನ್ನು ವಿಮರ್ಶಕರು ಸಾಮಾನ್ಯವಾಗಿ ಅನುಮಾನದಿಂದಲೇ ನೋಡುತ್ತಾರೆ: ಹಳೆಯ ಹೆಸರನ್ನು ಮಾರಲು ಬಂದವರೇ ಎಂದು. ಈ ಆಲ್ಬಮ್‌ಗೆ ಮಾತ್ರ ಬಹುಪಾಲು ಒಳ್ಳೆಯ ವಿಮರ್ಶೆಗಳೇ ಬಂದವು. ನಡುವೆ ವಿರಾಮವೇ ಇರಲಿಲ್ಲವೇನೋ ಎಂಬಂತೆ ನುಡಿಸಿದ್ದಾರೆ ಎಂಬುದು ಮೆಚ್ಚುಗೆಯ ಧಾಟಿ. ಕೆಲವು ಹಾಡುಗಳು ಹಿಂದೆಯೇ ರಚಿಸಿದವು, ಆದ್ದರಿಂದ ಹಾಗೆ ಅನ್ನಿಸಿದ್ದು ಸಹಜ. ಆದರೆ ಆ ಹೊಗಳಿಕೆ ನನಗೆ ಪೂರ್ತಿ ಸರಿ ಎನಿಸುವುದಿಲ್ಲ. ವಿರಾಮ ಇತ್ತು. ಐವತ್ತು ದಾಟಿದ್ದ ಮಿಲ್ಲರ್ ಕಾರ್ಯಕ್ರಮಗಳಲ್ಲಿ ಕಿವಿಗೆ ರಕ್ಷಾಕವಚ ಹಾಕಿಕೊಂಡೇ ನುಡಿಸುತ್ತಿದ್ದರು, ಡ್ರಮ್ಸ್ ಸುತ್ತ ಪಾರದರ್ಶಕ ತಡೆ ಇರುತ್ತಿತ್ತು.

ಆಮೇಲೆ 2006, 2009 ಮತ್ತು 2012ರಲ್ಲಿ ಇನ್ನೂ ಮೂರು ಆಲ್ಬಮ್‌ಗಳು ಬಂದವು.