ಮುದಿಬೆಕ್ಕಿನ ಉಪವಾಸ

ಬೆಕ್ಕು ಉಪವಾಸ ಹಿಡಿದಿದೆಯೆಂದರೆ ನಂಬುವವರು ಕಡಿಮೆ. ಗಂಗಾತೀರದಲ್ಲಿ ತಪಸ್ಸಿಗೆ ನಿಂತು, ನಂಬಿ ಬಂದ ಇಲಿಗಳನ್ನು ನುಂಗಿದ ಮಾರ್ಜಾಲ ಸನ್ಯಾಸಿಯ ಕಥೆಯನ್ನು ಕೇಳಿ ಬೆಳೆದವರಿಗೆ ಬೆಕ್ಕಿನ ವ್ರತವೆಂದರೆ ನಗೆಯೇ ಸರಿ. ಆದರೆ ಹದಿಮೂರು ಹದಿನಾಲ್ಕು ವರ್ಷ ಮನೆಯ ಮಗುವಿನಂತೆ ಬೆಳೆದ ಬೆಕ್ಕು ತಟ್ಟೆಯ ಬಳಿಗೆ ಬಂದು, ಮೂಸಿ, ತುಟಿ ನೆಕ್ಕಿಕೊಂಡು, ಮುಖ ತಿರುಗಿಸಿ ಹೋದರೆ ಅದು ಕಪಟವೂ ಅಲ್ಲ, ಹಟವೂ ಅಲ್ಲ. ಮುಪ್ಪಿನ ಬೆಕ್ಕುಗಳಲ್ಲಿ ಇದರ ಹಿಂದೆ ಅನೇಕ ವೇಳೆ ಮೂತ್ರಪಿಂಡದ ಬೇನೆ ಅಡಗಿರುತ್ತದೆ.

ಚಿತ್ರದುರ್ಗದ ಸೀಮೆಯಲ್ಲಿ ಬೆಕ್ಕು ಮನೆಯೊಳಗೆ ಬಂದದ್ದು ಮುದ್ದಿಗಾಗಿ ಅಲ್ಲ, ದುಡಿಮೆಗಾಗಿ. ಹಿರಿಯೂರಿನ ಶೇಂಗಾ, ಹೊಸದುರ್ಗದ ರಾಗಿ, ಹೊಳಲ್ಕೆರೆಯ ಜೋಳ ಇಲಿಗಳ ಪಾಲಾಗದಂತೆ ಕಾಯುವುದು ಅದರ ಕಸುಬು. ನಾಯಿಯ ಬಾಯಿಗೋ ಗಾಡಿಯ ಚಕ್ರಕ್ಕೋ ಸಿಕ್ಕಿ ಬೇಗ ಮುಗಿಯುತ್ತಿದ್ದ ಆ ಬಾಳು ಇಂದು ಪಟ್ಟಣದ ಮನೆಗಳಲ್ಲಿ ಹದಿನೈದು ವರ್ಷಗಳವರೆಗೂ ಸಾಗುವುದುಂಟು. ಆಯುಸ್ಸು ಬೆಳೆದಂತೆ ಮುಪ್ಪಿನ ರೋಗಗಳೂ ಜೊತೆಗೂಡಿವೆ.

ಮನೆಬೆಕ್ಕಿನ ಪೂರ್ವಜ ಆಫ್ರಿಕದ ಮತ್ತು ಪಶ್ಚಿಮ ಏಷ್ಯದ ಒಣನೆಲಗಳ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿರುವ ನೀರಿನಿಂದಲೇ ಬಹುಮಟ್ಟಿಗೆ ತೃಪ್ತಿಪಟ್ಟುಕೊಂಡು, ಮೂತ್ರವನ್ನು ಗಟ್ಟಿಯಾಗಿಸಿ ನೀರುಳಿಸುವ ಶಕ್ತಿ ಅದರ ಮೂತ್ರಪಿಂಡಗಳಿಗಿದೆ. ಈ ಅಂಗದಲ್ಲಿ ಒಮ್ಮೆ ನಾಶವಾದ ಭಾಗ ಮತ್ತೆ ಬೆಳೆಯದು. ಸುಮಾರು ಮುಕ್ಕಾಲು ಪಾಲು ಕೆಲಸ ನಿಲ್ಲುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ ಎದ್ದು ಕಾಣುವಷ್ಟು ಏರದಿರುವುದುಂಟು. ಅದಕ್ಕೆ ಮೊದಲೇ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ಬೆನ್ನಿನ ಮೂಳೆ ಕೈಗೆ ಸಿಕ್ಕುತ್ತದೆ. ಮುಂದೆ ಹೊರಹೋಗಬೇಕಾದ ಕಲ್ಮಷ ರಕ್ತದಲ್ಲೇ ಉಳಿದು ಓಕರಿಕೆ ತರುತ್ತದೆ. ಬಾಯಲ್ಲಿ ಹುಣ್ಣಾಗುತ್ತದೆ, ಉಸಿರು ನಾರುತ್ತದೆ. ಹಸಿವಿದ್ದರೂ ಊಟದ ವಾಸನೆಯೇ ಹಿಂಸೆಯಾಗುತ್ತದೆ.

“ಬಾಯಿ ಬಿಡಿಸಿ ಎರಡು ತುತ್ತು ಹಾಕೋ ಮಗಾ, ಹಾಗೇ ಬಿಟ್ಟರೆ ಸತ್ತೇ ಹೋಗುತ್ತೆ” ಎಂದು ಮನೆಯ ಅಜ್ಜಿ ಮರುಗುವುದು ಸಹಜ. ಇಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕನ್ನು ನೆನೆಯಬೇಕು. ಅರಸನು ಬೆಕ್ಕು ಸಾಕಲೆಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟ. ನಾಲಿಗೆ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಡಿಹೋಗುತ್ತಿತ್ತು. ಸಭೆ ನಕ್ಕಿತು, ಆದರೆ ಕಥೆಯೊಳಗಿನ ಮಾತು ವೈದ್ಯರೂ ಒಪ್ಪುವಂಥದು. ಯಾವ ಆಹಾರದೊಡನೆ ನೋವೋ ಓಕರಿಕೆಯೋ ಕೂಡಿತೋ ಆ ಆಹಾರವನ್ನು ಬೆಕ್ಕು ನೆನಪಿಟ್ಟು ದೂರವಿಡುತ್ತದೆ. ಬಲವಂತದ ತುತ್ತು, ಅನ್ನದಲ್ಲಿ ಬೆರೆಸಿದ ಕಹಿ ಮಾತ್ರೆ, ಓಕರಿಕೆಯ ದಿನವೇ ತಂದಿಟ್ಟ ಪಥ್ಯದ ಆಹಾರ, ಈ ಮೂರೂ ಕುದಿಯುವ ಹಾಲೇ. ಬಲವಂತದಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಉಂಟು.

ಹಾಗಾದರೆ ಉಣ್ಣಿಸುವುದು ಹೇಗೆ? ಊಟ ಉಗುರುಬೆಚ್ಚಗಿರಲಿ, ತಂಗಳಿಗಿಂತ ಬೆಚ್ಚನೆಯದರ ಪರಿಮಳ ಹೆಚ್ಚು, ಮತ್ತು ಬೆಕ್ಕು ನಾಲಿಗೆಗಿಂತ ಮೊದಲು ಮೂಗನ್ನು ಕೇಳುತ್ತದೆ. ಎರಡು ಹೊತ್ತಿನ ಪಾಲನ್ನು ಐದಾರು ಹೊತ್ತಿಗೆ ಹಂಚಿ, ಒಂದೊಂದು ಚಮಚದಷ್ಟು ಅಗಲವಾದ ತಟ್ಟೆಯಲ್ಲಿಡಬೇಕು. ತಟ್ಟೆ ಮಲಮೂತ್ರದ ಜಾಗದಿಂದ ದೂರ, ಗದ್ದಲವಿಲ್ಲದ ಮೂಲೆಯಲ್ಲಿರಲಿ. ಅರ್ಧ ಗಂಟೆಯಲ್ಲಿ ಮುಟ್ಟದಿದ್ದರೆ ತೆಗೆದುಬಿಡಬೇಕು. ಒಣಗಿದ ಊಟ ಎದುರಿಗೇ ಇದ್ದರೆ ಜಿಗುಪ್ಸೆ ಬೆಳೆಯುತ್ತದೆ.

ಹಾಲನ್ನವೊಂದೇ ಸಾಕೆಂಬುದು ಹಳೆಯ ನಂಬಿಕೆ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಅದನ್ನರಿಯುವ ಜೀನು ಅದರಲ್ಲಿ ಕೆಟ್ಟಿದೆಯೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಮಾಂಸದಲ್ಲಷ್ಟೆ ಸಾಕಷ್ಟು ದೊರೆಯುವ ಟಾರಿನ್ ಇಲ್ಲದೆ ಅದರ ಕಣ್ಣೂ ಹೃದಯವೂ ಕುಂದುತ್ತವೆ. ಮಾಂಸ ಬೇಯಿಸದ ಮನೆಗಳವರಿಗೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದ ಪೊಟ್ಟಣವೇ ಒಳ್ಳೆಯ ದಾರಿ. ಹಿರಿಯೂರಿನ ವಾಣಿವಿಲಾಸ ಸಾಗರದ ಮೀನು ಸಿಕ್ಕುವ ಕಡೆ, ಉಪ್ಪು ಹಾಕದೆ ಬೇಯಿಸಿ ಸೋಸಿದ ತಿಳಿನೀರನ್ನು ಎರಡು ಚಮಚ ಬೆರೆಸಿದರೆ ರುಚಿಯೂ ನೀರೂ ಕೂಡುತ್ತವೆ. ಮುಳ್ಳು ಮೂಳೆ ಬೇಡ. ಅವುಗಳಲ್ಲಿನ ರಂಜಕ ಮೂತ್ರಪಿಂಡಕ್ಕೆ ಭಾರ. ಉಪ್ಪು ತುಂಬಿದ ಒಣಮೀನೂ ಬೇಡ. ಈರುಳ್ಳಿ ಬೆಳ್ಳುಳ್ಳಿಯಂತೂ ರಕ್ತಕಣಗಳನ್ನೇ ಒಡೆಯುವ ವಿಷ. ಬಯಲುಸೀಮೆಯ ಬೇಸಗೆಯಲ್ಲಿ ಎರಡು ಮೂರು ಕಡೆ ನೀರಿನ ಬಟ್ಟಲಿಡುವುದನ್ನು ಮರೆಯಬಾರದು. ರಂಜಕ ಕಡಿಮೆಯಿರುವ ಪಥ್ಯದ ಆಹಾರ ಆಯುಸ್ಸನ್ನು ಹೆಚ್ಚಿಸುತ್ತದೆಂಬುದು ನಿಜ. ಆದರೆ ಬೆಕ್ಕು ಚೇತರಿಸಿಕೊಂಡ ಮೇಲೆ, ಹಳೆಯ ಊಟದೊಡನೆ ಚೂರುಚೂರೇ ಬೆರೆಸಿ ವಾರಗಟ್ಟಲೆ ಒಗ್ಗಿಸಬೇಕು. ತಿನ್ನದೆ ಉಳಿದ ಪಥ್ಯಕ್ಕಿಂತ ತಿಂದ ಸಾಮಾನ್ಯ ಊಟವೇ ಮೇಲು.

ಈ ಉಪಚಾರಕ್ಕೆ ಒಂದು ಗಡುವಿದೆ. ಒಂದು ಹಗಲು ಒಂದು ರಾತ್ರಿ ಏನೂ ಮುಟ್ಟದ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಲೇಬೇಕು. ಕೆಲವು ದಿನಗಳ ಉಪವಾಸಕ್ಕೇ ಮೈಯ ಕೊಬ್ಬು ಯಕೃತ್ತಿಗೆ ಇಳಿದು ಎರಡನೆಯ ರೋಗ ಹುಟ್ಟಬಹುದು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಆಗದ ಪರೀಕ್ಷೆಗೆ ನೆರೆಯ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಓಕರಿಕೆ ತಡೆಯುವ, ಹಸಿವು ಹುಟ್ಟಿಸುವ ಔಷಧಗಳುಂಟು. ಚರ್ಮದ ಕೆಳಗೆ ಸಲೈನು ಕೊಡುವುದನ್ನು ವೈದ್ಯರಿಂದ ಕಲಿತು ಮನೆಯಲ್ಲೇ ನಡೆಸಬಹುದು. ಮನುಷ್ಯರ ಮಾತ್ರೆಯನ್ನು ಮಾತ್ರ ಎಂದಿಗೂ ಕೊಡಬಾರದು. ಪ್ಯಾರಸಿಟಮಾಲಿನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಈ ರೋಗ ವಾಸಿಯಾಗುವಂಥದಲ್ಲ. ಆದರೂ ಬೇಗ ಗುರುತಿಸಿದರೆ ತಿಂಗಳುಗಳಲ್ಲ, ವರ್ಷಗಳೇ ದೊರೆಯುವುದುಂಟು. ವಾರಕ್ಕೊಮ್ಮೆ ತೂಕ ನೋಡಿ, ಉಂಡ ದಿನ ಉಣ್ಣದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ ಮನಸ್ಸು ಮೋಸಹೋಗುವುದಿಲ್ಲ. ಔಷಧದ ಮೇಲೂ ಉಣ್ಣದ ದಿನಗಳೇ ಹೆಚ್ಚಾದಾಗ, ಇನ್ನು ಕಾಡುವುದು ಸಾಕೇ ಎಂದು ವೈದ್ಯರನ್ನು ಕೇಳಲು ಮನೆಯವರು ಅಂಜಬೇಕಾಗಿಲ್ಲ. ಅಲ್ಲಿಯವರೆಗೆ ಮಾಡಬೇಕಾದದ್ದು ಸಣ್ಣ ಕೆಲಸ: ಬೆಚ್ಚಗಿನ ಒಂದು ಚಮಚ ಊಟವನ್ನಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಮಾತಿಲ್ಲದೆ ಹತ್ತಿರ ಕುಳಿತಿರುವುದು. ಕಣಜ ಕಾದ ಜೀವಕ್ಕೆ ಮನೆ ಅಷ್ಟಾದರೂ ಸಲ್ಲಿಸಬೇಕು.