ವಾಚನದ ಆಯ್ಕೆ ವಾಚಕನದೇ ಆಗಲಿ

ಊರಿನ ವಾಚನಾಲಯದ ಮೇಜಿನ ಮೇಲಿದ್ದುದೇ ವಾಚಕನ ಜಗತ್ತೆಂಬ ಕಾಲವೊಂದಿತ್ತು. ಧಾರವಾಡದ ಮಾಸಪತ್ರಿಕೆ, ಹುಬ್ಬಳ್ಳಿಯ ದಿನಪತ್ರಿಕೆಗಳು ಬಂದಾಗ ಬಂದವು; ಅವನ್ನು ಓದಿ ವಿಚಾರಿಸಲು ಹೊತ್ತೂ ಇತ್ತು. ಇಂದು ಇಳಕಲ್ಲಿನಂಥ ನೇಕಾರರ ಊರಿನಲ್ಲಿಯೂ ಅಂಗೈಯಗಲದ ಮೊಬೈಲಿನೊಳಗೆ ಜಗತ್ತಿನ ಬರಹವೆಲ್ಲ ಬಂದು ಬೀಳುತ್ತಿದೆ. ಆದರೆ ಓದಬೇಕಾದುದು ಎಲ್ಲಿಯೋ ಹುದುಗಿ, ಓದಬೇಕಿಲ್ಲದುದು ಕಣ್ಣೆದುರು ಕುಣಿಯುತ್ತದೆ.

ಇದರ ಕಾರಣವು ಗೂಢವಾದುದೇನಲ್ಲ. ಸಮಾಜಮಾಧ್ಯಮಗಳಲ್ಲಿ ಯಾವುದನ್ನು ಮುಂದಿಡಬೇಕು, ಯಾವುದನ್ನು ಹಿಂದೆ ಸರಿಸಬೇಕು ಎಂಬುದನ್ನು ಕಂಪನಿಯ ಲೆಕ್ಕಾಚಾರವು ಗೊತ್ತುಮಾಡುತ್ತದೆ. ವಾಚಕನನ್ನು ಹೆಚ್ಚು ಹೊತ್ತು ಹಿಡಿದಿಟ್ಟು ಜಾಹೀರಾತು ತೋರಿಸುವುದರಲ್ಲಿಯೇ ಅದರ ಲಾಭವಿದೆ. ತಾನು ಆರಿಸಿ ಓದುತ್ತಿದ್ದೇನೆಂದು ವಾಚಕನು ತಿಳಿದಿರುತ್ತಾನೆ. ಆರಿಸಿದವರು ಬೇರೆಯೇ ಇರುತ್ತಾರೆ.

ಇದಕ್ಕೊಂದು ಪರಿಹಾರವು 1999ರಿಂದಲೂ ಇದೆ. ಆ ವರ್ಷ ನೆಟ್‌ಸ್ಕೇಪ್ ಕಂಪನಿಯಲ್ಲಿ ‘ಫೀಡ್’ ಎಂಬ ಪದ್ಧತಿಯು ಹುಟ್ಟಿತು. ಅದನ್ನು ರೂಪಿಸಿದವರಲ್ಲಿ ಮದರಾಸಿನ ಐಐಟಿಯಲ್ಲಿ ಕಲಿತ ರಾಮನಾಥನ್ ಗುಹಾ ಅವರೂ ಒಬ್ಬರು. ಆರ್.ಎಸ್.ಎಸ್. ಎಂಬ ಹೆಸರೂ ಇದಕ್ಕುಂಟು. ಅದೇ ಹೆಸರಿನ ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ. ಜಾಲತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ದಿನಾಂಕ, ವಿಳಾಸ, ಸಾರಾಂಶಗಳನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ವಾಚಕನ ‘ಫೀಡ್ ರೀಡರ್’ ಆಗಾಗ ಅದನ್ನು ನೋಡಿ ಬಂದು, ಹೊಸತನ್ನು ಕಾಲಕ್ರಮದಂತೆ ಮುಂದಿಡುತ್ತದೆ. ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿನ ಎಳೆಗಳಿಗೆ ರೇಷ್ಮೆಯ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವರಷ್ಟೆ. ಇದೂ ಅಂಥ ಕೊಂಡಿಯೇ: ಬರೆಯುವವನಿಗೂ ಓದುವವನಿಗೂ ನಡುವೆ ದಲ್ಲಾಳಿಯಿಲ್ಲ.

ಪರೀಕ್ಷಿಸಿ ನೋಡಬಯಸುವವರಿಗೆ ಇಂಥ ಸಾಧನಗಳು ಹಲವು ಇವೆ. ಫೀಡ್ಲಿ, ಇನೋರೀಡರ್‌ಗಳಲ್ಲಿ ಖಾತೆ ತೆರೆದರೆ ಮೊಬೈಲಿನಲ್ಲಿ ಓದಿ ಬಿಟ್ಟುದನ್ನು ಗಣಕಯಂತ್ರದಲ್ಲಿ ಮುಂದುವರಿಸಬಹುದು. ಆಂಡ್ರಾಯ್ಡ್ ಮೊಬೈಲಿನ ‘ಫೀಡರ್’ ಎಂಬುದಕ್ಕೆ ಖಾತೆಯೂ ಬೇಡ, ಹಣವೂ ಬೇಡ. ಗಣಕಯಂತ್ರದಲ್ಲಿ ಅಂಚೆ ನೋಡುವವರಿಗೆ ಥಂಡರ್‌ಬರ್ಡ್ ತಂತ್ರಾಂಶದಲ್ಲಿಯೇ ಈ ಅನುಕೂಲವಿದೆ. ಹೊಸಬರು ಖಾತೆ ಬೇಡದ ಸಾಧನದಿಂದ ಆರಂಭಿಸುವುದು ಲೇಸು.

ಆದರೆ ಯಾವ ಸಾಧನವನ್ನೂ ಶಾಶ್ವತವೆಂದು ನಂಬಲಾಗದು. 2005ರಲ್ಲಿ ಹೊರಟ ಗೂಗಲ್ ರೀಡರ್ ಜಗತ್ತಿನಾದ್ಯಂತ ಮೆಚ್ಚುಗೆ ಪಡೆದಿದ್ದರೂ 2013ರ ಜುಲೈ 1ರಂದು ಕಂಪನಿಯು ಅದನ್ನು ಮುಚ್ಚಿಬಿಟ್ಟಿತು. ಆಗಲೂ ತಮ್ಮ ತಾಣಗಳ ಪಟ್ಟಿಯನ್ನು ‘ಓಪಿಎಂಎಲ್’ ಕಡತವಾಗಿ ಇಳಿಸಿಕೊಂಡವರು ಮತ್ತೊಂದು ರೀಡರಿಗೆ ಸುಲಭವಾಗಿ ಹೋಗಿ ಸೇರಿದರು. ಆ ಕಡತವನ್ನು ಬರೆದುಕೊಡದ ಸಾಧನವನ್ನು ವಾಚಕರು ಮುಟ್ಟದಿರುವುದೇ ಒಳಿತು.

ಇನ್ನೊಂದು ಅಪಾಯವು ನಮ್ಮ ಮನಸ್ಸಿನಲ್ಲಿಯೇ ಇದೆ. ಉತ್ಸಾಹದಿಂದ ನೂರು ತಾಣಗಳನ್ನು ಸೇರಿಸಿದರೆ ವಾರದೊಳಗೆ ಓದದ ಬರಹಗಳು ಸಾವಿರ ದಾಟುವುವು; ಹಳೆಯ ಪ್ರವಾಹವೇ ಹೊಸ ಕಾಲುವೆಯಲ್ಲಿ ಹರಿದಂತಾಗುವುದು. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಹೊತ್ತುಗೊತ್ತಿಲ್ಲದೆ ಮೊಬೈಲನ್ನು ಉಜ್ಜುವ ಚಟವೂ ಆ ಜೋಳಿಗೆಗೆ ಹಾಕತಕ್ಕುದೇ. ಹತ್ತು ಹದಿನೈದು ತಾಣಗಳು ಸಾಕು. ಒಂದು ತಿಂಗಳು ತೆರೆದೇ ನೋಡದ ತಾಣವನ್ನು ನಿರ್ದಾಕ್ಷಿಣ್ಯದಿಂದ ತೆಗೆದುಹಾಕಬೇಕು.

ಪ್ರಕಾಶಕರ ಹೊಣೆಯೂ ಇದರಲ್ಲಿದೆ. ವರ್ಡ್‌ಪ್ರೆಸ್, ಬ್ಲಾಗರ್‌ಗಳಲ್ಲಿ ಕಟ್ಟಿದ ತಾಣಗಳಿಗೆ ಫೀಡ್ ತಾನಾಗಿಯೇ ದೊರೆಯುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಹೊಸ ತಿದ್ದುಪಡಿಗಳನ್ನೂ ಹೀಗೆ ಅನುಸರಿಸಬಹುದು. ಹೀಗಿರಲು ಕನ್ನಡದ ಪತ್ರಿಕೆಗಳೂ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ತಮ್ಮ ಫೀಡನ್ನು ತೆರೆದಿಟ್ಟು, ಅದರ ವಿಳಾಸವನ್ನು ಮುಖಪುಟದಲ್ಲಿಯೇ ಕಾಣಿಸಬೇಕು. ಹಾಗೆ ಮಾಡದಿದ್ದರೆ ಕನ್ನಡದ ಒಳ್ಳೆಯ ಬರಹವು ಕನ್ನಡಿಗನನ್ನು ಮುಟ್ಟಲು ಪರಕಂಪನಿಗಳ ಕೃಪೆಯನ್ನೇ ಕಾಯಬೇಕಾದೀತು.

ದೊಡ್ಡ ಪಟ್ಟಣಗಳಿಂದ ದೂರವಿರುವ ಊರುಗಳಿಗೆ ಇಂಥ ಸಾಧನದಿಂದ ಲಾಭವು ಹೆಚ್ಚು. ಬೆಂಗಳೂರಿನವನು ಬೆಳಿಗ್ಗೆ ಓದುವುದನ್ನು ಇಳಕಲ್ಲಿನವನೂ ಅದೇ ಬೆಳಿಗ್ಗೆ ಓದಬಲ್ಲನು. ಏನನ್ನು ಓದಬೇಕೆಂಬುದನ್ನು ಮಾತ್ರ ಅವನೇ ಗೊತ್ತುಮಾಡಿಕೊಳ್ಳಬೇಕು. ಆ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಿದ ದಿನವೇ ವಾಚಕನು ವಾಚಕನಾಗಿ ಉಳಿಯುವುದಿಲ್ಲ.